ಲೋಹಕ್ಕೆ ಒಂದು ದಿನ, ವಾಹನಕ್ಕೆ ಐದು ದಿನ

ಕೊಳ್ಳುವ ವಿದ್ಯೆಯನ್ನು ನಮ್ಮ ಹಿರಿಯರು ನಮಗೆ ಬೇಕಾದಷ್ಟು ಕಲಿಸಿಕೊಟ್ಟಿದ್ದಾರೆ. ಬದನೆಕಾಯಿಯನ್ನು ತೊಟ್ಟು ನೋಡಿ ಕೊಳ್ಳಬೇಕು. ತೆಂಗಿನಕಾಯಿಯನ್ನು ಕಿವಿಯ ಬಳಿ ಅಲುಗಿಸಿ ಕೊಳ್ಳಬೇಕು. ಮಡಕೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ನಾದ ಒಡೆದಿಲ್ಲವೆಂದು ತಿಳಿದು ಕೊಳ್ಳಬೇಕು. ಎತ್ತನ್ನಾದರೋ ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ಕೊಳ್ಳಬೇಕು. ಚೀಲ ಹಿಡಿದು ತಂದೆಯ ಹಿಂದೆ ದೇವರಾಜ ಮಾರುಕಟ್ಟೆಗೆ ಹೋದ ಮೈಸೂರಿನ ಹುಡುಗನು ಈ ಪಾಠಗಳನ್ನು ಹತ್ತು ವರ್ಷ ತುಂಬುವುದರೊಳಗೆ ಕಲಿತುಬಿಟ್ಟಿರುತ್ತಾನೆ. ಆದರೆ ಮಾರುವ ವಿದ್ಯೆಯನ್ನು, ಅಂಗಡಿಯಿಟ್ಟವನಲ್ಲದ, ಜೀವಮಾನದಲ್ಲಿ ಒಂದೋ ಎರಡೋ ಸಲ ಮಾತ್ರ ಏನನ್ನಾದರೂ ಮಾರಬೇಕಾಗಿ ಬರುವ ಸಾಮಾನ್ಯ ಗೃಹಸ್ಥನಿಗೆ ಯಾರೂ ಕಲಿಸಿಕೊಡುವುದಿಲ್ಲ. ಕಳೆದ ವರ್ಷದ ಜ್ಯೇಷ್ಠ ಮಾಸದಲ್ಲಿ, ನಮ್ಮ ಮನೆಯಲ್ಲಿ 43 ವರ್ಷ ಬಾಳಿದ ಮೋಟಾರು ಕಾರನ್ನು ಮಾರಲೇಬೇಕಾಗಿ ಬಂದಾಗ, ಕೊಳ್ಳುವವನಿಗೆ ಇಷ್ಟೊಂದು ಉಪದೇಶಗಳಿರುವ ಈ ಲೋಕದಲ್ಲಿ ಮಾರುವವನಿಗೆ ಒಂದು ಮಾತೂ ಇಲ್ಲವೆ ಎಂದು ನಾನು ಬಹಳ ದಿನ ಯೋಚಿಸಿದೆನು. ಆ ಯೋಚನೆ ನನ್ನನ್ನು ಎಲ್ಲಿಗೆ ಕರೆದೊಯ್ದಿತೆಂಬುದನ್ನೂ, ಕೊನೆಗೆ ನನಗೆ ಏನನ್ನು ತಿಳಿಸಿಕೊಟ್ಟಿತೆಂಬುದನ್ನೂ ಇಲ್ಲಿ ಹೇಳಬಯಸುತ್ತೇನೆ.

ಕಾರು 1981ರ ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯಟ್ 1100ರ ಅಚ್ಚಿನಲ್ಲಿ ಮುಂಬಯಿಯ ಕುರ್ಲಾದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಈ ಗಾಡಿಗೆ 1974ರಲ್ಲಿ ಚಿತ್ತೋಡದ ರಾಣಿಯ ಹೆಸರನ್ನಿಟ್ಟರಾದರೂ, ನಮ್ಮ ಬೀದಿಯಲ್ಲಿ ಅದನ್ನು ಯಾರೂ ಪದ್ಮಿನಿಯೆಂದು ಕರೆದುದಿಲ್ಲ. ಎಲ್ಲರ ಬಾಯಲ್ಲಿಯೂ ಅದು ‘ಫಿಯಟ್ಟು’. 1089 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನು, ಸ್ಟೀರಿಂಗಿನ ಬುಡದಿಂದ ಪಕ್ಕಕ್ಕೆ ಚಾಚಿದ ಗೇರಿನ ಕಡ್ಡಿ, ಮುಂಬಾಗಿಲ ಗಾಜಿನ ಮುಂದೆ ತಿರುಗಿಸಿದರೆ ಗಾಳಿಯನ್ನು ನೇರವಾಗಿ ಎದೆಗೆ ಬೀಸುವ ಪುಟ್ಟ ತ್ರಿಕೋನದ ಗಾಜು, ಚಳಿಯ ಬೆಳಗಿನಲ್ಲಿ ಎಳೆಯಬೇಕಾದ ಚೋಕಿನ ಗುಂಡಿ: ಇವಿಷ್ಟೇ ಅದರ ಐಶ್ವರ್ಯ. ಈ ಗಾಡಿಗಳ ತಯಾರಿಕೆ ನಿಂತು ಎರಡು ದಶಕಗಳಿಗೂ ಮಿಕ್ಕಿತು. ಮುಂಬಯಿಯ ಬೀದಿಗಳಲ್ಲಿ ಕಪ್ಪು ಮೈ ಹಳದಿ ಛಾವಣಿಯ ಟ್ಯಾಕ್ಸಿಯಾಗಿ ತಲೆಮಾರುಗಳನ್ನು ಹೊತ್ತು ತಿರುಗಿದ ಇದರ ಬಳಗದ ಕೊನೆಯ ಗಾಡಿಯೂ 2023ರ ಅಕ್ಟೋಬರ್ ತಿಂಗಳಲ್ಲಿ ರಸ್ತೆಯಿಂದ ಸರಿಯಿತು. ಆ ಸುದ್ದಿಯನ್ನು ಓದಿದ ದಿನ ನಾನು ಷೆಡ್ಡಿಗೆ ಹೋಗಿ ನಮ್ಮ ಗಾಡಿಯ ಬಾನೆಟ್ಟಿನ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟು ನಿಂತಿದ್ದೆನು.

ಅದನ್ನು ಕೊಂಡವರು ನಮ್ಮ ತಂದೆಯವರು. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದ ಅವರಿಗೆ, ಅವರ ಪೀಳಿಗೆಯ ಮೈಸೂರು ಎಂಜಿನಿಯರುಗಳೆಲ್ಲರಿಗೂ ಇದ್ದಂತೆ, ಸರ್ ಎಂ. ವಿಶ್ವೇಶ್ವರಯ್ಯನವರಲ್ಲಿ ದೇವರಲ್ಲಿರುವಷ್ಟು ಭಕ್ತಿ. ಬಂಧುಗಳೆಲ್ಲರೂ ‘ಅಂಬಾಸಿಡರ್ ತೆಗೆದುಕೊಳ್ಳಿ, ಏಳು ಜನ ಕೂರಬಹುದು’ ಎಂದು ಹೇಳಿದರೂ ಕೇಳದೆ ಅವರು ಫಿಯಟ್ಟನ್ನೇ ಆರಿಸಿದುದಕ್ಕೆ ಒಂದು ಕಾರಣವಿದ್ದಿತು. ಈ ದೇಶದಲ್ಲಿ ಮೋಟಾರು ಕಾರ್ಖಾನೆಯೊಂದನ್ನು ಸ್ಥಾಪಿಸಬೇಕೆಂದು 1930ರ ದಶಕದಲ್ಲಿ, ದಿವಾನಗಿರಿಯನ್ನು ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, ಎಪ್ಪತ್ತನ್ನು ದಾಟಿದ ವಯಸ್ಸಿನಲ್ಲಿ ವಿಶ್ವೇಶ್ವರಯ್ಯನವರು ಯೂರೋಪು ಅಮೆರಿಕಗಳನ್ನು ಸುತ್ತಿ ಯೋಜನೆ ಸಿದ್ಧಪಡಿಸಿದರಷ್ಟೆ. ಅವರೊಡನೆ ಕೈಜೋಡಿಸಿದ ಉದ್ಯಮಿ ವಾಲ್‌ಚಂದ್ ಹೀರಾಚಂದರು. ಬ್ರಿಟಿಷ್ ಸರ್ಕಾರದ ಅನಾದರದಿಂದಾಗಿ ಆ ಯೋಜನೆ ಆಗ ನೆರವೇರಲಿಲ್ಲ. ವಾಲ್‌ಚಂದರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಆರಂಭಿಸಿದರು. ಅದೇ ಇಂದಿನ ಎಚ್‌ಎಎಲ್. ಮೋಟಾರಿನ ಆಸೆಯನ್ನೂ ಬಿಡದೆ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಸಂಸ್ಥೆಯನ್ನು ಕಟ್ಟಿದರು. ‘ಸರ್ ಎಂ.ವಿ.ಯವರು ಕಂಡ ಕನಸಿನ ಒಂದು ಚೂರು ಇದರಲ್ಲಿದೆಯಪ್ಪ’ ಎಂದು ತಂದೆಯವರು ಸ್ಟೀರಿಂಗನ್ನು ಸವರುತ್ತ ಹೇಳುತ್ತಿದ್ದುದು ನನ್ನ ಕಿವಿಯಲ್ಲಿ ಈಗಲೂ ಇದೆ.

ಗಾಡಿ ಮನೆಗೆ ಬಂದ ದಿನವೇ ಅವರು ಒಂದು ಉದ್ದನೆಯ ಲೆಕ್ಕದ ಪುಸ್ತಕವನ್ನು ತಂದು, ಮೊದಲ ಪುಟದಲ್ಲಿ ಶ್ರೀಕಾರ ಹಾಕಿ, ಮೀಟರಿನಲ್ಲಿದ್ದ ಅಂಕಿಯನ್ನು ಬರೆದರು. ಅಂದಿನಿಂದ, ಹಾಕಿಸಿದ ಪ್ರತಿಯೊಂದು ಲೀಟರ್ ಪೆಟ್ರೋಲು, ಬದಲಾಯಿಸಿದ ಎಂಜಿನ್ ಆಯಿಲ್ಲು, ತಿರುಗಿಸಿ ಹಾಕಿದ ಟೈರು, ಬಿಗಿಮಾಡಿದ ಫ್ಯಾನ್ ಬೆಲ್ಟು, ಬ್ಯಾಟರಿಗೆ ಹೊಯ್ದ ಡಿಸ್ಟಿಲ್ಡ್ ವಾಟರು ಸಹ ತಾರೀಖು ಸಮೇತ ಆ ಪುಸ್ತಕವನ್ನು ಸೇರುತ್ತ ಬಂದಿತು. ತಂದೆಯವರದು ನಕ್ಷೆಗಳ ಮೇಲೆ ಬರೆದು ಪಳಗಿದ, ಅಚ್ಚಿನಂಥ ಅಕ್ಷರ. 1996ರ ಮಾರ್ಗಶಿರದಲ್ಲಿ ಒಂದು ಪುಟದ ನಡುವೆ ಆ ಅಕ್ಷರ ನಿಂತುಹೋಗುತ್ತದೆ. ಅದರ ಮುಂದಿನ ಸಾಲು ನನ್ನದು. ಸಂಸ್ಕೃತ ಬೋಧಿಸುತ್ತಿದ್ದ ಮೇಷ್ಟರ ಕೈಯಾದ ನನ್ನದು ಓಡುವ ಅಕ್ಷರ; ಆದರೂ ಅವರು ಬಿಟ್ಟಲ್ಲಿಂದ ಒಂದು ಲೀಟರನ್ನೂ ತಪ್ಪಿಸದೆ ಬರೆಯುತ್ತ ಬಂದಿದ್ದೇನೆಂದು ನೆಮ್ಮದಿಯಿಂದ ಹೇಳಬಲ್ಲೆನು. ಹೀಗೆ ಐದು ಪುಸ್ತಕಗಳು ತುಂಬಿದುವು.

ವಸ್ತುವನ್ನು ಕಾಪಾಡುವುದೆಂದರೆ ಅದನ್ನು ಒರೆಸಿ ಥಳಥಳಿಸುವಂತೆ ಇಡುವುದು ಎಂದು ತಿಳಿದವರುಂಟು. ನನಗೆ ಈ ವಿಷಯದಲ್ಲಿ ಕಣ್ಣು ತೆರೆಸಿದವರು ಮಂಡಿ ಮೊಹಲ್ಲಾದ ನಮ್ಮ ಮೇಸ್ತ್ರಿಗಳು. ಎಂಜಿನಿನಲ್ಲಿ ಏನೋ ಶಬ್ದವೆಂದು ನಾನು ಗಾಡಿಯನ್ನು ಒಯ್ದರೆ ಅವರು ಕೂಡಲೇ ಸ್ಪ್ಯಾನರಿಗೆ ಕೈಹಾಕಿದವರಲ್ಲ. ಉದ್ದನೆಯ ಸ್ಕ್ರೂಡ್ರೈವರೊಂದನ್ನು ತೆಗೆದುಕೊಂಡು, ಅದರ ತುದಿಯನ್ನು ಓಡುತ್ತಿರುವ ಎಂಜಿನಿನ ಮೈಮೇಲೆ ಒತ್ತಿ, ಮರದ ಹಿಡಿಯನ್ನು ಕಿವಿಗೆ ಆನಿಸಿಕೊಂಡು, ಕಣ್ಣು ಮುಚ್ಚಿ, ವೈದ್ಯನು ನಾಡಿಯನ್ನು ನೋಡುವಂತೆ ಒಂದೊಂದು ಸಿಲಿಂಡರಿನ ಮಾತನ್ನೂ ಪ್ರತ್ಯೇಕವಾಗಿ ಕೇಳುತ್ತಿದ್ದರು. ಆಮೇಲೆ ‘ಸ್ವಾಮಿ, ಮೂರನೇದರ ಟ್ಯಾಪೆಟ್ ಒಂದು ಕೂದಲೆಳೆ ಸಡಿಲ ಆಗಿದೆ, ಬೇರೆ ಏನೂ ಇಲ್ಲ’ ಎನ್ನುತ್ತಿದ್ದರು; ಬಿಚ್ಚಿ ನೋಡಿದರೆ ಅಷ್ಟೇ ಇರುತ್ತಿತ್ತು. ತಿಂಗಳಿಗೊಮ್ಮೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಅದರೊಳಗಿನ ಪಾಯಿಂಟುಗಳ ಸುಟ್ಟ ಕಲೆಯನ್ನು ನಯವಾದ ಎಮರಿ ಕಾಗದದಿಂದ ಒಂದೆರಡು ಬಾರಿ ಮಾತ್ರ ಉಜ್ಜಿ, ತೆಳು ತಗಡಿನ ಅಳತೆಪಟ್ಟಿಯನ್ನು ನಡುವೆ ತೂರಿಸಿ, ಅದು ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಜಾರುವಂತೆ ಅಂತರವನ್ನು ಹೊಂದಿಸುವುದನ್ನು ನನಗೆ ಕಲಿಸಿದವರೂ ಅವರೇ. ಆ ಅಂತರ ಕೂದಲೆಳೆಯಷ್ಟು ಕೆಟ್ಟರೆ ಕಿಡಿ ಹೊತ್ತುತಪ್ಪಿ ಹಾರುತ್ತದೆ. ಗಾಡಿ ಏರಿನಲ್ಲಿ ಏದುಸಿರು ಬಿಡುತ್ತದೆ. ಭಾನುವಾರದ ಬೆಳಗಿನಲ್ಲಿ ಈ ಕೆಲಸ ಮುಗಿಸಿ, ಚೋಕನ್ನು ಅರ್ಧ ಎಳೆದು, ಬೀಗದ ಕೈ ತಿರುಗಿಸಿದೊಡನೆ ಎಂಜಿನು ಒಂದೇ ಕರೆಗೆ ಓಗೊಟ್ಟಾಗ ಆಗುತ್ತಿದ್ದ ಸಂತೋಷವು, ಕ್ಲಿಷ್ಟವಾದ ಶ್ಲೋಕವೊಂದಕ್ಕೆ ಅನ್ವಯ ಕೂಡಿಬಂದಾಗಿನ ಸಂತೋಷಕ್ಕೆ ಸ್ವಲ್ಪವೂ ಕಡಮೆಯದಾಗಿರಲಿಲ್ಲ.

ಈ ಗಾಡಿಯಲ್ಲಿ ನಾವು ಹೋಗದ ಸ್ಥಳವಿರಲಿಲ್ಲ. ಆಗುಂಬೆಯ ತಿರುವುಗಳನ್ನು ಎರಡನೆಯ ಗೇರಿನಲ್ಲಿ ಇಳಿದಿದ್ದೇವೆ. ಹಿಮವದ್ಗೋಪಾಲಸ್ವಾಮಿ ಬೆಟ್ಟದ ಮಂಜಿನಲ್ಲಿ ದೀಪ ಹಾಕಿಕೊಂಡು ಹತ್ತಿದ್ದೇವೆ. ನಂಜನಗೂಡಿನ ತೇರಿಗೆ ಹನ್ನೊಂದು ಜನ ತೊಡೆಯ ಮೇಲೆ ತೊಡೆಯಿಟ್ಟು ಕುಳಿತು ಹೋಗಿ ಬಂದಿದ್ದೇವೆ. ನನ್ನ ಮಗಳನ್ನು ಹೆರಿಗೆಯ ಆಸ್ಪತ್ರೆಯಿಂದ ಮನೆಗೆ ತಂದುದು ಇದರಲ್ಲಿ. ಅವಳ ಮದುವೆಯಾದ ಮರುದಿನ ರೈಲು ನಿಲ್ದಾಣಕ್ಕೆ ಬಿಟ್ಟುಬಂದುದೂ ಇದರಲ್ಲಿಯೇ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಅರಮನೆಯಲ್ಲಿ ಪಟ್ಟದ ಆನೆ ಪಟ್ಟದ ಕುದುರೆಗಳಿಗೆ ಪೂಜೆ ನಡೆಯುವ ಹೊತ್ತಿನಲ್ಲಿ ನಮ್ಮ ಮನೆಯ ಮುಂದೆ ಇದಕ್ಕೂ ನಡೆಯುತ್ತಿತ್ತು: ಚೆಂಡುಹೂವಿನ ಸರ, ಬಾನೆಟ್ಟಿಗೆ ವಿಭೂತಿ ಕುಂಕುಮ, ಕುಂಕುಮ ತುಂಬಿ ಒಡೆದ ಬೂದುಗುಂಬಳ, ನಾಲ್ಕು ಚಕ್ರಗಳಡಿಯಲ್ಲಿ ನಾಲ್ಕು ನಿಂಬೆಹಣ್ಣು. ಆ ನಿಂಬೆಹಣ್ಣುಗಳು ಮೆಲ್ಲನೆ ಸೀಳುವ ಸದ್ದನ್ನು ಕೇಳಿದ ಮೇಲೆಯೇ ನಮ್ಮ ಮನೆಯಲ್ಲಿ ಎಲೆ ಹಾಕುತ್ತಿದ್ದುದು.

ಇಂಥದನ್ನು ಮಾರುವುದೇಕೆಂದು ಬಂಧುಗಳು ಕೇಳಿದರು. ನನಗೆ 72 ತುಂಬಿತು. ಕ್ಲಚ್ಚನ್ನು ಒತ್ತುವ ಎಡಮೊಣಕಾಲು ಹಿಂದಿನಂತಿಲ್ಲ. ಮಗಳು ದೂರದ ಊರಿನಲ್ಲಿದ್ದಾಳೆ. ಇವು ಹೇಳಿಕೊಳ್ಳುವ ಕಾರಣಗಳು. ಇದಕ್ಕಿಂತ ಮುಖ್ಯವಾದುದನ್ನು ಗಾಡಿಯೇ ನನಗೆ ಹೇಳಿತು. ವಾಹನವು ಓಡಿ ಸವೆಯುವುದಕ್ಕಿಂತ ಬೇಗನೆ ನಿಂತು ಕೆಡುತ್ತದೆ. ತಿಂಗಳುಗಟ್ಟಲೆ ಕದಲದಿದ್ದರೆ ಬ್ಯಾಟರಿ ಸತ್ತುಹೋಗುತ್ತದೆ; ಟೈರು ನಿಂತ ಜಾಗದಲ್ಲಿಯೇ ಚಪ್ಪಟೆಯಾಗುತ್ತದೆ; ಬ್ರೇಕಿನ ಸಿಲಿಂಡರು ತುಕ್ಕುಹಿಡಿದು ಬಿಗಿಯುತ್ತದೆ; ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲು ಆರಿ ಅಂಟಾಗಿ ಸೂಕ್ಷ್ಮರಂಧ್ರಗಳನ್ನು ಮುಚ್ಚುತ್ತದೆ; ಇಲಿಗಳು ವೈರನ್ನು ಕಡಿಯುತ್ತವೆ. ಈಚೆಗೆ ಬಂಕುಗಳಲ್ಲಿ ಬರುತ್ತಿರುವ, ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲಾದರೋ ಹಳೆಯ ಕಾಲದ ರಬ್ಬರಿನ ಪೈಪುಗಳಿಗೂ ಪಂಪಿನ ಪದರಕ್ಕೂ ಹಿತವಲ್ಲ. ಅವನ್ನೆಲ್ಲ ಹೊಸ ಬಗೆಯ ರಬ್ಬರಿನವಕ್ಕೆ ಬದಲಾಯಿಸುತ್ತ ಎಚ್ಚರದಿಂದಿರಬೇಕು. ಒಂದು ಬೆಳಿಗ್ಗೆ ನಾನು ಪುಸ್ತಕವನ್ನು ತೆರೆದು ನೋಡಲಾಗಿ, ಹಿಂದಿನ ಬರಹಕ್ಕೂ ಅಂದಿಗೂ ನಡುವೆ ಹನ್ನೊಂದು ವಾರಗಳು ಕಳೆದಿದ್ದುವು. ತಂದೆಯವರ ಕಾಲದಲ್ಲಿ ಹನ್ನೊಂದು ದಿನಗಳ ಅಂತರವೂ ಇರಲಿಲ್ಲ. ಪ್ರೀತಿಯೆಂದು ನಾನು ಕರೆಯುತ್ತಿದ್ದುದು ಗಾಡಿಯನ್ನು ಷೆಡ್ಡಿನ ಕತ್ತಲೆಯಲ್ಲಿ ಕೊಲ್ಲುತ್ತಿದೆಯೆಂಬುದು ಆ ಖಾಲಿ ಸಾಲಿನಿಂದ ನನಗೆ ತಿಳಿಯಿತು.

ಮೊದಲು ಬಂದವನು ಒಬ್ಬ ದಲ್ಲಾಳಿ. ಗಾಡಿಯನ್ನು ಸುತ್ತ ನೋಡಿ, ಬಾಗಿಲುಗಳನ್ನು ತೆರೆದು ಮುಚ್ಚಿ, ಮೀಟರಿನ ಮೇಲೆ ಬಾಗಿ, ‘ಬರೀ 14,000 ಕಿಲೋಮೀಟರಾ! ಚೆನ್ನಾಯ್ತು ಸಾರ್, ಇದನ್ನ ಹಾಗೇ ಹೇಳಿಬಿಡೋಣ’ ಎಂದನು. ಆ ಮೀಟರಿನಲ್ಲಿ ಇರುವುದು ಐದೇ ಅಂಕಿ. ಲಕ್ಷವಾದೊಡನೆ ಅದು ಮತ್ತೆ ಸೊನ್ನೆಗೆ ಮರಳುತ್ತದೆ; ನಮ್ಮದು ಹಾಗೆ ಎರಡು ಬಾರಿ ಮರಳಿತ್ತು. ಓಡಿದುದು ಎರಡು ಲಕ್ಷದ ಹದಿನಾಲ್ಕು ಸಾವಿರವೆಂದು ನಾನು ಪುಸ್ತಕ ತೋರಿಸಿದರೆ ಅವನು ಅದನ್ನು ಮುಚ್ಚಿ ನನ್ನ ಕೈಗೇ ಕೊಟ್ಟು, ‘ಇದನ್ನ ಒಳಗಿಟ್ಟುಬಿಡಿ ಸಾರ್’ ಎಂದನು. ಎಂಜಿನಿಗೆ ಮಂದವಾದ ಆಯಿಲ್ ಹಾಕಿದರೆ ಶಬ್ದ ಕೇಳಿಸುವುದಿಲ್ಲವೆಂದೂ, ತಳದ ತುಕ್ಕಿಗೆ ಕಪ್ಪು ಬಣ್ಣ ಹೊಡೆಸಿದರೆ ಮಳೆಗಾಲ ಮುಗಿಯುವ ತನಕ ಏನೂ ಗೊತ್ತಾಗುವುದಿಲ್ಲವೆಂದೂ ತಿಳಿಸಿದನು. ಅವನ ಮಾತಿನಲ್ಲಿ ದುಷ್ಟತನವಿರಲಿಲ್ಲ. ಅದು ಅವನ ನಿತ್ಯದ ಕಸಬು. ಆದರೆ ನಾಲ್ಕು ದಶಕಗಳ ಕಾಲ ಇಬ್ಬರು ಸತ್ಯವನ್ನೇ ಬರೆದಿಟ್ಟ ಪುಸ್ತಕವನ್ನು ಒಳಗಿಟ್ಟು ಆ ಐದು ಅಂಕಿಗಳನ್ನು ಹೊರಗಿಡುವುದು ನನ್ನಿಂದಾಗುವ ಕೆಲಸವಾಗಿರಲಿಲ್ಲ. ಅವನಿಗೆ ಕಾಫಿ ಕೊಟ್ಟು ಕಳುಹಿಸಿದೆನು.

ಆ ರಾತ್ರಿ ನಿದ್ರೆ ಬಾರದೆ ಎದ್ದು, ಹಳೆಯ ಅಭ್ಯಾಸದಂತೆ ಮಿತಾಕ್ಷರೆಯನ್ನು ತೆರೆದೆನು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೆನಿಸಿದ ಕಲ್ಯಾಣನಗರದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಈ ವ್ಯಾಖ್ಯಾನವು ದಾಯಭಾಗಕ್ಕೆ ಸಂಬಂಧಿಸಿದಂತೆ ದೇಶದ ನ್ಯಾಯಾಲಯಗಳಲ್ಲಿ ಶತಮಾನಗಳ ಕಾಲ ಪ್ರಮಾಣವಾಗಿ ನಿಂತುದನ್ನು ಎಲ್ಲರೂ ಬಲ್ಲರು. ಅದರ ವ್ಯವಹಾರಕಾಂಡದಲ್ಲಿ, ಕೊಂಡವನು ಪಶ್ಚಾತ್ತಾಪಪಟ್ಟರೆ ಏನು ಮಾಡಬೇಕೆಂಬ ಪ್ರಕರಣವೊಂದುಂಟು. ಕೊಂಡ ವಸ್ತುವನ್ನು ಪರೀಕ್ಷಿಸಿ ನೋಡಲು ಸ್ಮೃತಿಕಾರನು ಅಲ್ಲಿ ಕಾಲವನ್ನು ಗೊತ್ತುಮಾಡುತ್ತಾನೆ: ಬೀಜಕ್ಕೆ ಹತ್ತು ದಿನ, ಲೋಹಕ್ಕೆ ಒಂದು ದಿನ, ಹೊರೆಯೆಳೆಯುವ ಪ್ರಾಣಿಗೆ ಐದು ದಿನ, ರತ್ನಕ್ಕೆ ಏಳು ದಿನ, ಕರೆಯುವ ಹಸುವಿಗೆ ಮೂರು ದಿನ. ಅದೇ ಪಟ್ಟಿಯಲ್ಲಿ ಮನುಷ್ಯರೂ ಬರುವುದು ಆ ಕಾಲದ ವ್ಯವಸ್ಥೆಯ ಕ್ರೌರ್ಯಕ್ಕೆ ಸಾಕ್ಷಿ. ಅದನ್ನು ಓದುವಾಗ ಈಗಲೂ ಮನಸ್ಸು ಕುಗ್ಗುತ್ತದೆ. ಆದರೆ ಉಳಿದ ಲೆಕ್ಕದಲ್ಲಿ ಎಂಥ ಸೂಕ್ಷ್ಮವಾದ ಲೋಕಾನುಭವವಿದೆ! ಬೀಜದ ಸತ್ತ್ವ ಮೊಳೆತ ಮೇಲಲ್ಲದೆ ತಿಳಿಯದು. ಹಸುವಿನ ಗುಣ ಮೂರು ದಿನದ ಕರಾವಿನಲ್ಲಿ ಗೊತ್ತಾಗುತ್ತದೆ. ಕಬ್ಬಿಣವನ್ನಾದರೋ ಅಂದೇ ಬಡಿದು ನೋಡಿಬಿಡಬಹುದು. ಮನುವಾದರೆ ಕೊಂಡವನಿಗೂ ಮಾರಿದವನಿಗೂ, ಯಾರಿಗೆ ಮನಸ್ಸು ತಿರುಗಿದರೂ, ಹತ್ತು ದಿನಗಳ ಅವಕಾಶವನ್ನು ಕೊಡುತ್ತಾನೆ.

ಪುಸ್ತಕವನ್ನು ಮುಚ್ಚದೆ ಬಹಳ ಹೊತ್ತು ಕುಳಿತಿದ್ದೆನು. ನಮ್ಮ ಷೆಡ್ಡಿನಲ್ಲಿರುವುದು ಯಾವ ವರ್ಗಕ್ಕೆ ಸೇರುತ್ತದೆ? ತೂಕಕ್ಕೆ ಹಾಕಿದರೆ ಅದು ಲೋಹವೇ. ಗುಜರಿಯವನು ಅದನ್ನು ಕಿಲೋ ಲೆಕ್ಕದಲ್ಲಿಯೇ ಕೇಳುವನು. ಹಾಗಾದರೆ ಅದಕ್ಕೆ ಒಂದು ದಿನ. ಆದರೆ ಬೆಳಗಿನ ಚಳಿಯಲ್ಲಿ ಮುನಿಯುವ, ಏರಿನಲ್ಲಿ ದಣಿಯುವ, ತನ್ನ ಒಡೆಯನ ಕಾಲಿನ ಒತ್ತಡವನ್ನು ಬಲ್ಲ ವಸ್ತುವನ್ನು ಬರಿಯ ಲೋಹವೆನ್ನಲು ನನಗೆ ಮನಸ್ಸು ಬರಲಿಲ್ಲ. ನೊಗಕ್ಕೆ ಹೂಡಿದ ಎತ್ತಿನಂತೆ ಅದರ ಸ್ವಭಾವವು ಕೂಡಿ ನಡೆದಾಗಲೇ ತಿಳಿಯುವಂಥದು. ಅದಕ್ಕೆ ಐದು ದಿನ ಸಲ್ಲತಕ್ಕದ್ದೆಂದು ನಾನು ತೀರ್ಮಾನಿಸಿದೆನು. ಮಾರುವವನಿಗೆ ಬೇಕಾಗಿದ್ದ ಉಪದೇಶ ನನಗೆ ದೊರೆತಂತಾಯಿತು: ನೀನು ಬಲ್ಲ ದೋಷಗಳನ್ನೆಲ್ಲ ಹೇಳು, ನೀನು ಅರಿಯದವುಗಳಿಗಾಗಿ ಅವಕಾಶ ಕೊಡು.

ಆಮೇಲೆ ಬಂದವನು ಹುಣಸೂರಿನಲ್ಲಿ ಲೇತ್ ಅಂಗಡಿ ಇಟ್ಟಿರುವ ಯುವಕ. ಜೊತೆಯಲ್ಲಿ ಹೆಂಡತಿಯೂ ಐದು ವರ್ಷದ ಮಗಳೂ ಇದ್ದರು. ಅವನು ಗಾಡಿಯ ಹೊರಗನ್ನು ನೋಡುವ ಮೊದಲು ನೆಲಕ್ಕೆ ಮಲಗಿ ಅದರ ಹೊಟ್ಟೆಯಡಿ ನೋಡಿದನು. ಎದ್ದು, ಬಾನೆಟ್ ತೆರೆಸಿ, ಆಯಿಲಿನ ಕಡ್ಡಿಯನ್ನು ಎಳೆದು, ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ, ಮೂಗಿಗೆ ಹಿಡಿದನು. ಆ ಕೈಯನ್ನು ನೋಡಿದೊಡನೆಯೇ ನನ್ನ ಮನಸ್ಸು ಅರ್ಧ ಒಪ್ಪಿಬಿಟ್ಟಿತು. ‘ಮೇಷ್ಟ್ರೇ, ಇದರ ಐಬು ಏನೇನಿದೆ ಅಂತ ನೀವೇ ಹೇಳಿಬಿಡಿ’ ಎಂದನು. ಇಷ್ಟು ನೇರವಾದ ಪ್ರಶ್ನೆಗಾಗಿಯೇ ನಾನು ಕಾದಿದ್ದೆನು.

ಪಡಸಾಲೆಯಲ್ಲಿ ಕುಳಿತು ಒಂದೊಂದಾಗಿ ಹೇಳಿದೆನು; ಹೇಳಿದುದನ್ನು ಪುಸ್ತಕದ ಕೊನೆಯ ಪುಟದಲ್ಲಿ ಅಂಕಿ ಹಾಕಿ ಬರೆದೆನು. ಒಂದು: ಎಡಗಡೆಯ ಹಿಂಬಾಗಿಲನ್ನು ಸ್ವಲ್ಪ ಎತ್ತಿ ಮುಚ್ಚಬೇಕು, ಎಳೆದು ಬಡಿದರೆ ಮುಚ್ಚದು. ಎರಡು: ಮೊದಲನೆಯ ಗೇರಿಗೆ ಇಳಿಸುವುದಾದರೆ ಗಾಡಿ ಪೂರ್ತಿ ನಿಂತಿರಬೇಕು, ಹಲ್ಲುಗಳು ಸವೆದಿವೆ. ಮೂರು: 1993ರಲ್ಲಿ ತಿ. ನರಸೀಪುರದ ದಾರಿಯಲ್ಲಿ ಎಮ್ಮೆಯೊಂದು ಅಡ್ಡಬಂದು ಬಲಗಡೆಯ ಮುಂದಿನ ಮಡ್‌ಗಾರ್ಡ್ ಜಜ್ಜಿತ್ತು. ಟಿಂಕರಿಂಗ್ ಮಾಡಿಸಿ ಬಣ್ಣ ಹೊಡೆಸಿದೆ. ನಾಲ್ಕು: ಹಿಂದಿನ ಸೀಟಿನಡಿಯ ತಗಡಿಗೆ ತುಕ್ಕು ತಗುಲಿ ಎರಡು ಕಡೆ ತೇಪೆ ಬೆಸೆದಿದೆ. ಐದು: ಬೇಸಗೆಯ ಮಧ್ಯಾಹ್ನ ಉದ್ದನೆಯ ಏರಿನಲ್ಲಿ ಪೆಟ್ರೋಲು ಪಂಪಿನಲ್ಲಿ ಆವಿ ಕಟ್ಟಿ ನಿಲ್ಲುವುದುಂಟು, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾಯಬೇಕು. ಆರು: ಎಂಜಿನನ್ನು ಎರಡು ಸಲ ಬೋರ್ ಮಾಡಿಸಿದೆ, ಮೂರನೆಯ ಸಲಕ್ಕೆ ಗೋಡೆಯಲ್ಲಿ ಹೆಚ್ಚು ದಪ್ಪ ಉಳಿದಿಲ್ಲ. ಏಳು: ಮೀಟರು ಎರಡು ಸುತ್ತು ತಿರುಗಿದೆ. ಇಷ್ಟೇ, ನಾನರಿತಂತೆ ಇನ್ನೇನೂ ಇಲ್ಲ ಎಂದೆನು.

ಅವನು ಪ್ರತಿಯೊಂದಕ್ಕೂ ತಲೆಯಾಡಿಸಿ ಕೇಳಿದನೇ ಹೊರತು ಬೆಲೆಯನ್ನು ಇಳಿಸುವ ಮಾತನ್ನೆತ್ತಲಿಲ್ಲ. ಆಷಾಢ ಹುಟ್ಟುವುದರೊಳಗೆ ಗಾಡಿಯನ್ನು ಮನೆ ತುಂಬಿಸಿಕೊಳ್ಳಬೇಕೆಂದು ಅವನ ತಾಯಿಯ ಅಪೇಕ್ಷೆಯಂತೆ. ಅಂದಿಗೆ ಎಂಟು ದಿನ ಉಳಿದಿದ್ದುವು. ನಾನು ಐದು ದಿನಗಳ ವಿಷಯವನ್ನು ಹೇಳಿ, ‘ಮುಂಗಡ ಮಾತ್ರ ಕೊಟ್ಟು ಒಯ್ಯಪ್ಪ; ಮಳೆಯಲ್ಲಿ, ಏರಿನಲ್ಲಿ, ರಾತ್ರಿಯಲ್ಲಿ ಓಡಿಸಿ ನೋಡು; ಬೇಡವೆನಿಸಿದರೆ ಐದನೆಯ ದಿನ ತಂದು ನಿಲ್ಲಿಸು, ಹಣ ಹಿಂದಕ್ಕೆ ಕೊಡುತ್ತೇನೆ’ ಎಂದೆನು. ಅವನು ಒಂದು ಕ್ಷಣ ನನ್ನ ಮುಖವನ್ನು ನೋಡಿದನು. ಮತ್ತೆ ಎದ್ದು ನನ್ನ ಕಾಲಿಗೆ ನಮಸ್ಕರಿಸಿ, ಬೀಗದ ಕೈ ತೆಗೆದುಕೊಂಡನು. ಗಾಡಿ ಗೇಟನ್ನು ದಾಟಿ ಬಲಕ್ಕೆ ತಿರುಗುವಾಗ, ಹೊರಗಿನಿಂದ ಕೇಳಿದರೆ ಅದರ ಸದ್ದು ಹೇಗಿರುತ್ತದೆಂಬುದು ನನಗೆ ಬಹುಶಃ ಮೊದಲ ಬಾರಿಗೆ ತಿಳಿಯಿತು; ಅಷ್ಟು ವರ್ಷವೂ ನಾನು ಅದರ ಒಳಗೇ ಇದ್ದೆನಷ್ಟೆ.

ಆ ಐದು ದಿನಗಳಲ್ಲಿ ಕಾಗದಪತ್ರಗಳನ್ನು ಸಿದ್ಧಮಾಡಿಟ್ಟೆನು. ಹಳೆಯ ಗಾಡಿಯನ್ನು ಮಾರುವವರೆಲ್ಲರೂ ಇದನ್ನು ತಿಳಿದಿರಬೇಕು. ಮಾಲೀಕತ್ವದ ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳಿವೆ. ಮೋಟಾರು ವಾಹನ ಕಾಯಿದೆಯ 50ನೆಯ ವಿಧಿಯಂತೆ, ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳಲ್ಲಿಯೂ ಕೊಂಡವನು 30 ದಿನಗಳಲ್ಲಿಯೂ ಆರ್‌ಟಿಓ ಕಚೇರಿಗೆ ತಿಳಿಸಬೇಕು. ‘ಆಮೇಲೆ ಮಾಡಿಸಿಕೊಳ್ಳುತ್ತೇನೆ’ ಎಂದ ಸ್ನೇಹಿತನನ್ನು ನಂಬಿ ಆರ್‌ಸಿಯಲ್ಲಿ ತನ್ನ ಹೆಸರನ್ನು ಹಾಗೆಯೇ ಬಿಟ್ಟರೆ, ಮುಂದೆ ಅಪಘಾತವಾದಾಗ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕನ ಮೇಲೆಯೇ ಬೀಳುತ್ತದೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ವಿಮೆಯ ವರ್ಗಾವಣೆಯನ್ನೂ 14 ದಿನಗಳೊಳಗೆ ತಿಳಿಸಬೇಕು. ಗಾಡಿಯನ್ನು ಕಳುಹಿಸುವ ಮುನ್ನ ಚಾಸಿಸ್ ನಂಬರಿನ ಮೇಲೆ ತೆಳುವಾದ ಕಾಗದವಿಟ್ಟು ಪೆನ್ಸಿಲಿನ ಸೀಸವನ್ನು ಓರೆಯಾಗಿ ಉಜ್ಜಿ ನಾನೇ ಅಚ್ಚು ತೆಗೆದಿದ್ದೆನು. ಬೂದುಬಣ್ಣದ ಹಿನ್ನೆಲೆಯಲ್ಲಿ ಒಂದೊಂದೇ ಅಂಕಿ ಬೆಳ್ಳಗೆ ಮೂಡಿಬಂದ ಆ ಕಾಗದದ ಎರಡನೆಯ ಪ್ರತಿ ಈಗಲೂ ನನ್ನ ಮೇಜಿನ ಸೆಳೆಖಾನೆಯಲ್ಲಿದೆ.

ಐದನೆಯ ದಿನದ ಸಂಜೆ, ಸೋನೆ ಹಿಡಿದ ಹೊತ್ತಿನಲ್ಲಿ ಗಾಡಿಯ ಸದ್ದು ಕೇಳಿಸಿತು. ಗಂಡ ಹೆಂಡತಿ ಮಗು ಮೂವರೂ ಬಂದಿದ್ದರು. ಬಾಕಿ ಹಣವನ್ನು ಎಲೆಯಡಕೆಯೊಡನೆ ತಟ್ಟೆಯಲ್ಲಿಟ್ಟು, ಅವನು ಪುಸ್ತಕವನ್ನು ತೆರೆದು ನನ್ನ ಮುಂದಿರಿಸಿದನು. ನನ್ನ ಕೊನೆಯ ಸಾಲಿನ ಕೆಳಗೆ ದುಂಡನೆಯ ಹೊಸ ಅಕ್ಷರದಲ್ಲಿ, ತಾರೀಖು ಹಾಕಿ, ‘ಪೆಟ್ರೋಲು 10 ಲೀಟರ್, ಎಡ ಹಿಂದಿನ ಟೈರಿಗೆ ಗಾಳಿ’ ಎಂದು ಬರೆದಿತ್ತು. ‘ಗಾಡಿ ನಮ್ಮದಾಯ್ತು ಮೇಷ್ಟ್ರೇ. ಆದರೆ ಒಂದು ಐಬು ನೀವು ಹೇಳಿರಲಿಲ್ಲ’ ಎಂದನು. ನನಗೆ ಮೈ ಬೆಚ್ಚಗಾಯಿತು. ಅವನ ಹೆಂಡತಿ ಮೆಲ್ಲನೆ, ‘ಏನೂ ದೊಡ್ಡದಲ್ಲ ಸಾರ್. ಜೋರು ಮಳೆ ಬಂದರೆ ಮುಂದೆ ಎಡಗಡೆ ಕೂತವರ ಕಾಲ ಮೇಲೆ ಹನಿ ಬೀಳುತ್ತೆ. ಆ ಚಿಕ್ಕ ಗಾಜಿನ ರಬ್ಬರು ಗಟ್ಟಿಯಾಗಿದೆ’ ಎಂದಳು.

ಬಲಗಡೆ ಕುಳಿತು ಓಡಿಸುವವನಿಗೆ ಅದು ಕಾಣುವುದಿಲ್ಲ. ಎಡಗಡೆ, ನನ್ನ ಪಕ್ಕದಲ್ಲಿ, ಅಷ್ಟೂ ವರ್ಷಗಳ ಕಾಲ ಕುಳಿತಿದ್ದವಳು ನನ್ನ ಪತ್ನಿ. ಮಳೆಗಾಲದ ಪ್ರಯಾಣಗಳಲ್ಲಿ ಅವಳು ಹಳೆಯ ಟವಲೊಂದನ್ನು ನಾಲ್ಕಾಗಿ ಮಡಿಸಿ ಪಾದದ ಮೇಲೆ ಹಾಕಿಕೊಳ್ಳುತ್ತಿದ್ದುದನ್ನು ನಾನು ನೋಡಿದ್ದೆನು, ಚಳಿಗೆಂದು ತಿಳಿದಿದ್ದೆನು. ಒಳಗಿನಿಂದ ಕಾಫಿಯನ್ನು ತಂದ ಅವಳು ಈ ಮಾತನ್ನು ಕೇಳಿಸಿಕೊಂಡು ನಿಂತಳು. ‘ಎಷ್ಟು ವರ್ಷದಿಂದ?’ ಎಂದು ಕೇಳಿದೆನು. ‘ಮಾವನವರು ಹೋದ ಮೇಲಿನ ಮಳೆಗಾಲದಿಂದ ಇರಬಹುದು. ಹೇಳಿದ್ದರೆ ನೀವು ಬಾಗಿಲನ್ನೆಲ್ಲ ಬಿಚ್ಚಿಸುತ್ತಿದ್ದಿರಿ. ಅವರು ಹಾಕಿಸಿದ ಗಾಜು ಒಡೆದರೆ ಸಂಕಟಪಡುತ್ತಿದ್ದಿರಿ. ನಾಲ್ಕು ಹನಿ ತಾನೆ’ ಎಂದಳು.

ಸ್ಮೃತಿಕಾರನು ಕೊಟ್ಟ ಐದು ದಿನಗಳು ಕೊಳ್ಳುವವನ ಹಿತಕ್ಕಾಗಿ ಎಂದು ನಾನು ತಿಳಿದಿದ್ದೆನು. ಅವು ನನಗೂ ಬೇಕಾಗಿದ್ದುವು. ಐದು ಪುಸ್ತಕಗಳಲ್ಲಿ ಒಂದು ಲೀಟರನ್ನೂ ಬಿಡದೆ ಬರೆದ ಲೆಕ್ಕದಲ್ಲಿ, ನನಗೆ ಒಂದು ಮೊಳ ದೂರದಲ್ಲಿ ಬೀಳುತ್ತಿದ್ದ ಆ ಹನಿ ಸೇರಿರಲಿಲ್ಲ. ಗಾಡಿಯನ್ನು ಕಾಪಾಡಿದವರು ತಂದೆಯವರೂ ನಾನೂ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೆನು. ಮೂರನೆಯವರೊಬ್ಬರು ಒಂದಕ್ಷರವನ್ನೂ ಬರೆಯದೆ ಕಾಪಾಡುತ್ತಿದ್ದರು.

ನಮೂನೆಗಳಿಗೆ ಸಹಿ ಹಾಕುವ ಮೊದಲು ಪುಸ್ತಕದ ಕೊನೆಯ ಪುಟವನ್ನು ತೆರೆದೆನು. ಏಳರ ಕೆಳಗೆ ಎಂಟು ಎಂದು ಅಂಕಿ ಹಾಕಿ, ‘ಎಡ ಮುಂದಿನ ತ್ರಿಕೋನದ ಗಾಜಿನ ರಬ್ಬರು ಗಡುಸಾಗಿದೆ, ಮಳೆಯಲ್ಲಿ ಹನಿಯುತ್ತದೆ, 1997ರಿಂದ’ ಎಂದು ಬರೆದೆನು. ಅಷ್ಟರಲ್ಲಿ ನನ್ನ ಪತ್ನಿ ಒಳಗೆ ಹೋಗಿ, ಒಗೆದು ಮಡಿಸಿಟ್ಟಿದ್ದ ಆ ಟವಲನ್ನು ತಂದು, ‘ಹೊಸ ರಬ್ಬರು ಹಾಕಿಸುವ ತನಕ ಇದು ಇರಲಿ ತಾಯಿ’ ಎಂದು ಆ ಹೆಣ್ಣುಮಗಳ ಕೈಗೆ ಕೊಟ್ಟಳು.